ಎಂಜಲು ಕೈ, ಚಿಲಕ ಹಾಕಿದ ಬಾಗಿಲು

ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಅಡುಗೆಮನೆಯಿಂದ ಕಪ್ಪು ಹೊಗೆ ನುಗ್ಗಿತು. ಚಾಮರಾಜಪೇಟೆಯ ಛತ್ರವೊಂದರಲ್ಲಿ ನಾನೂ ಅತ್ತೆಯವರೂ ಮದುವೆ ಊಟಕ್ಕೆ ಕೂತಿದ್ದೆವು.

“ಎಲ್ರೂ ಎದ್ದು ಹೊರಗ್ ಹೋಗಿ,” ಎಂದು ಬಡಿಸುವವರು ಕೂಗಿದರು. ಇಡೀ ಪಂಕ್ತಿ ಎದ್ದಿತು. ಆದರೆ ಎಲ್ಲರೂ ಹೊರಟಿದ್ದು ಕೈ ತೊಳೆಯುವ ನಲ್ಲಿಗಳ ಕಡೆಗೆ. ಅದು ಅಡುಗೆಮನೆಗೆ ಅಂಟಿಕೊಂಡ ಮೂಲೆ, ಅಲ್ಲಿಂದ ಹೊರಗೆ ದಾರಿಯೇ ಇಲ್ಲ. ಅತ್ತೆಯವರ ತೋಳು ಹಿಡಿದು ನಾನೂ ಅತ್ತಲೇ ನಡೆದಿದ್ದೆ. ಮುಂದಿನವರು ಕೆಮ್ಮುತ್ತಿದ್ದರು, ಹಿಂದಿನವರು ತಳ್ಳುತ್ತಿದ್ದರು.

ತಿರುಗಿ ನೋಡಿದೆ. ನಾವು ಒಳಗೆ ಬಂದಿದ್ದ ಬಾಗಿಲು ಹಾಗೇ ಮುಚ್ಚಿತ್ತು. ಮುಂದಿನ ಪಂಕ್ತಿಯವರು ನುಗ್ಗದಿರಲೆಂದು ಒಳಗಿನಿಂದ ಚಿಲಕ ಹಾಕಿದ್ದರು. ಅತ್ತೆಯವರನ್ನು ಎಳೆದುಕೊಂಡು ಹೋಗಿ ಚಿಲಕಕ್ಕೆ ಕೈ ಹಾಕಿದೆ.

“ಎಂಜಲು ಕೈ ಕಣೇ, ತೊಳ್ಕೊಂಡು ಮುಟ್ಟು,” ಎಂದರು ಅತ್ತೆ, ಕೆಮ್ಮುತ್ತಲೇ.

ಬಾಗಿಲು ತೆರೆದು ಕಿರುಚಿದ ಮೇಲೆಯೇ ಜನ ಈ ಕಡೆ ತಿರುಗಿದ್ದು. ಹೊತ್ತಿಕೊಂಡಿದ್ದು ಎಣ್ಣೆ ಬಾಣಲೆ. ಬೇಗ ಆರಿಸಿದರು, ಯಾರಿಗೂ ಏನೂ ಆಗಲಿಲ್ಲ.

ಈಗ ಯಾವ ಮದುವೆಗೆ ಹೋದರೂ ಕೂರುವ ಮುಂಚೆ ಬಾಗಿಲು ನೋಡಿಕೊಳ್ಳುತ್ತೇನೆ. ಆದರೂ ಊಟ ಮುಗಿಸಿ ಎದ್ದಾಗ, ಯಾರೂ ಹೇಳದೆಯೇ ನನ್ನ ಕಾಲು ನಲ್ಲಿಯ ಕಡೆಗೇ ಹೊರಡುತ್ತದೆ.