ತಾಮ್ರದ ತಂಬಿಗೆಯ ಕೆಳಗಿನ ಅರಿವೆ

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಅಡುಗೆಕೋಣೆಯ ಕಿಟಕಿಯಲ್ಲಿ ಒಂದು ತಾಮ್ರದ ತಂಬಿಗೆಯಿದೆ. ಅದರ ಕೆಳಗೆ ಹಳೆಯ ಪಂಚೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದೇವೆ. ಬಂದವರು ಅದನ್ನು ಏನೋ ಮಡಿ ಎಂದುಕೊಳ್ಳುತ್ತಾರೆ. ಮಡಿಯಲ್ಲ ಸ್ವಾಮಿ, ಭಯ. ನೀವು ನಗುವುದಿದ್ದರೆ ಪೂರ್ತಿ ಕೇಳಿದ ಮೇಲೆ ನಗಿ.

ತಂಬಿಗೆ ನನ್ನ ಸೋದರತ್ತೆಯದು. ತಾಯಿಯಿಲ್ಲದ ನನ್ನನ್ನು ಧಾರವಾಡದಲ್ಲಿ ಸಾಕಿ, ಓದಿಸಿ, ತನ್ನ ಮದುವೆಯ ಮಾತು ಬಂದಾಗಲೆಲ್ಲ ‘ಈ ಕೂಸು ದೊಡ್ಡದಾಗಲಿ’ ಎಂದು ಮುಂದೂಡುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡವಳು. ತೊಂಬತ್ತರ ದಶಕದಲ್ಲಿ ನಾನು ಲಂಡನ್ನಿಗೆ ಬಂದಾಗ, ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳು. ಹನ್ನೊಂದು ಬಂದವು, ನಾನು ಮರಳಿ ಕಳಿಸಿದ್ದು ಒಂದೇ ಒಂದು. ಅವಳು ತೀರಿಕೊಂಡ ಮೇಲೆ, ಟೇಪುಗಳು ಹಳತಾಗಿ ಹರಿಯತೊಡಗಿದಾಗ ನನಗೆ ಎಚ್ಚರವಾಯಿತು. ದನಿಯನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಕುಳಿತೆ.

ಆ ಕಂಪ್ಯೂಟರನ್ನು ನಾನೇ ಜೋಡಿಸಿದ್ದೆ. ಎರಡು ಸಾವಿರದ ಆಚೀಚೆ ನಮ್ಮಂಥವರಿಗೆ ಹಿಡಿದಿದ್ದ ಹುಚ್ಚದು: ಗದ್ದಲ ಮಾಡುವ ಫ್ಯಾನಿನ ಬದಲು ನೀರು ಹರಿಸಿ ಯಂತ್ರವನ್ನು ತಣ್ಣಗಿಡುವುದು. ಬಿಸಿಯೇರುವ ಚಿಪ್‌ ಮೇಲೆ ತಾಮ್ರದ ಬಿಲ್ಲೆ, ಕಾವನ್ನು ಗಾಳಿಗೆ ಬಿಡಲು ಅಲ್ಯೂಮಿನಿಯಮ್ಮಿನ ರೇಡಿಯೇಟರ್, ನಡುವೆ ಪುಟ್ಟ ಪಂಪು, ಪಾರದರ್ಶಕ ನಳಿಕೆ. ಮಾರಿದವನು ಎಚ್ಚರಿಸಿದ್ದ: ಈ ಎರಡು ಲೋಹಗಳು ಒಂದೇ ನೀರಿಗಿಳಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಎರಡೂ ತಾಮ್ರದ್ದೇ ಹಾಕು, ಇಲ್ಲವೇ ಶುದ್ಧ ನೀರಿಗೆ ಸವೆತ ತಡೆಯುವ ಈ ಹಸಿರು ದ್ರವ ಬೆರೆಸು. ಹಸಿರು ಸೀಸೆಯನ್ನೂ ತಂದೆ. ಆದರೆ ಜೋಡಣೆ ಮುಗಿದದ್ದು ಆಯುಧಪೂಜೆಯ ದಿನ. ನನ್ನ ಹೆಂಡತಿ ಸುಮಾ ಯಂತ್ರಕ್ಕೆ ಕುಂಕುಮ ಹಚ್ಚಿ, ಹೂವೇರಿಸಿ, ಅತ್ತೆಯ ತಂಬಿಗೆಯಿಂದ ಒಂದು ಉದ್ಧರಣೆ ತೀರ್ಥವನ್ನು ಭಕ್ತಿಯಿಂದ ಆ ನೀರಿಗೆ ಬಿಟ್ಟಳು. ಸೀಸೆಯ ಮೇಲೆ ‘ವಿಷ’ ಎಂದು ಬರೆದಿತ್ತು. ತೀರ್ಥಕ್ಕೆ ವಿಷ ಬೆರೆಸಲು ನನಗೆ ಕೈ ಬರಲಿಲ್ಲ. ನಾಳೆ ನೋಡೋಣ ಎಂದೆ, ಆ ನಾಳೆ ಐದು ತಿಂಗಳಾದರೂ ಬರಲಿಲ್ಲ.

ಚಳಿಗಾಲದ ಕೊನೆಯ ಒಂದು ಭಾನುವಾರ ಮಧ್ಯಾಹ್ನ. ಹತ್ತು ಕ್ಯಾಸೆಟ್ಟು ಇಳಿಸಿಯಾಗಿತ್ತು; ಅವುಗಳಲ್ಲಿ ಆರು ಇಳಿಸುವಾಗಲೇ ಹರಿದುಹೋಗಿದ್ದರಿಂದ ಆ ದನಿ ಇನ್ನು ಡಿಸ್ಕಿನಲ್ಲಷ್ಟೇ ಉಳಿದಿತ್ತು. ಕೆಲ ದಿನಗಳಿಂದ ಯಂತ್ರದೊಳಗಿನ ನೀರು, ಯಾರೋ ಬಾಯಿ ಮುಕ್ಕಳಿಸಿದಂತೆ, ಗುಳುಗುಳು ಎನ್ನುತ್ತಿತ್ತು, ನಾನು ಕಿವಿಗೊಟ್ಟಿರಲಿಲ್ಲ. ಹನ್ನೊಂದನೆಯ ಕ್ಯಾಸೆಟ್ಟಿನಲ್ಲಿ ಅತ್ತೆ ನೆರೆಮನೆಯ ಸುದ್ದಿ ಹೇಳುತ್ತಿದ್ದವಳು ತಟ್ಟನೆ ಸುಮ್ಮನಾದಳು. ಆಮೇಲೆ, ಕೋಣೆಯಲ್ಲೇ ನಿಂತವಳಂತೆ:

“ತಮ್ಮಾ, ತಾಮ್ರದ ತಂಬಿಗಿ ಜರ್ಮನ್ ತಾಟಿನ್ಯಾಗ ಇಡಬ್ಯಾಡಂತ ಎಷ್ಟ ಸಲ ಹೇಳ್ಲೋ? ತಾಟು ತೂತ ಬೀಳ್ತದ!”

ಅಡುಗೆಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸುಮಾ, “ಹೂಂ ಅತ್ಯಾ, ತಗೀತೀನ್ರಿ” ಎಂದಳು.

ನಮ್ಮ ಕಡೆ ಅಲ್ಯೂಮಿನಿಯಮ್ಮಿಗೆ ಜರ್ಮನ್ ಎನ್ನುತ್ತಾರೆ. ಹಳೆಯ ಬೈಗುಳ ಕೇಳಿ ನನಗೆ ನಗು ಬಂತು. ಬಂದ ನಗು ಹಾಗೇ ನಿಂತಿತು. ನಳಿಕೆಯತ್ತ ನೋಡಿದರೆ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು, ಬಿಳಿಯ ಚೂರುಗಳು ಸುತ್ತುತ್ತಿದ್ದವು. ಮುಚ್ಚಳ ತೆಗೆದೆ. ರೇಡಿಯೇಟರಿನ ಹೊಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತು, ತೂತಿನಲ್ಲಿ ತುಂಬಿ ನಿಂತ ಒಂದು ಹನಿ, ಅದರ ನೇರ ಕೆಳಗೆ ಡಿಸ್ಕು. ಸ್ವಿಚ್ಚು ಆರಿಸಿ ಅಂಗೈಯೊಡ್ಡಿದೆ. ಹನಿ ಬಿತ್ತು. ಮೈಯ ಬಿಸಿಯಷ್ಟೇ ಬೆಚ್ಚಗಿತ್ತು.

ಮುಂದಿನ ವಾರ ತಾಮ್ರದ್ದೇ ರೇಡಿಯೇಟರ್ ತಂದು, ನಳಿಕೆ ತೊಳೆದು, ತೀರ್ಥದ ಮಾತೆತ್ತದೆ ಹಸಿರು ದ್ರವ ಸುರಿದೆ. ಕಳಚಿಟ್ಟ ಹಳೆಯ ಭಾಗಗಳನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಅಲ್ಯೂಮಿನಿಯಂ ಒಳಗಿನಿಂದ ಪುಡಿಪುಡಿಯಾಗಿತ್ತು, ತಾಮ್ರಕ್ಕೆ ಒಂದು ಗೀರೂ ಇರಲಿಲ್ಲ. ಜೊತೆಗಿದ್ದದ್ದು ಕರಗುತ್ತಿರುವಷ್ಟು ಕಾಲ ತಾಮ್ರ ಹೀಗೆ ಸುಖವಾಗಿರುತ್ತದಂತೆ, ಮತ್ತು ಅದಕ್ಕೆ ಏನೂ ತಿಳಿಯುವುದೂ ಇಲ್ಲ. ಅತ್ತೆಯೊಡನೆ ಒಂದೇ ಮನೆಯ ನೀರು ಕುಡಿದು ಬೆಳೆದ ನನಗೆ ಆ ಬಿಲ್ಲೆಯ ಹೊಳಪು ನೋಡಿ ನಾಚಿಕೆಯಾಯಿತು. ಅತ್ತೆ ನನಗಾಗಿ ಸವೆದಳು, ನಾನು ಒಂದು ಕ್ಯಾಸೆಟ್ಟು ಕಳಿಸಿದೆ.

ಕೊನೆಯ ಕ್ಯಾಸೆಟ್ಟನ್ನು ಮೊದಲಿನಿಂದ ಮತ್ತೆ ಹಾಕಿದೆವು. ನೆರೆಮನೆಯ ಸುದ್ದಿ ಬಂತು, ಅತ್ತೆ ಸುಮ್ಮನಾದಳು. ಆಮೇಲೆ ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯುವ ಸದ್ದು, ಅದರ ಹಿಂದೆಯೇ “ಇಡ್ಲೇನಪಾ, ಆರಾಮ ಇರು.” ಅಷ್ಟೇ. ಮೂರು ಸಲ ಹಿಂದಕ್ಕೆ ಸುತ್ತಿದೆವು. ಡಿಸ್ಕಿಗೆ ಇಳಿಸಿದ್ದ ಉಳಿದ ಹತ್ತನ್ನೂ ಕೇಳಿದೆವು. ತಂಬಿಗೆಯ ಮಾತು ಎಲ್ಲೂ ಇರಲಿಲ್ಲ.

“ಮತ್ತ ನಾ ಹೂಂ ಅಂದದ್ದು ಯಾರಿಗ್ರೀ?” ಎಂದಳು ಸುಮಾ. ಅವಳ ಕೈಯಲ್ಲಿ, ಅಡುಗೆಕೋಣೆಯಲ್ಲಿ ಅಷ್ಟು ದಿನ ತಂಬಿಗೆಯ ಕೆಳಗಿದ್ದ ಜರ್ಮನ್ ತಾಟಿತ್ತು. ತಂಬಿಗೆ ಕುಳಿತ ಜಾಗದಲ್ಲಿ ಉಂಗುರದಂತೆ ಬಿಳಿಯ ಬೂದಿ.

ಯಾರಿಗೆಂದು ನಿಮಗೆ ಹೊಳೆದರೆ ಹೇಳಿ. ಆ ಸಂಜೆ ಪಂಚೆ ಹರಿದು, ಮಡಚಿ, ತಂಬಿಗೆಯ ಕೆಳಗೆ ಹಾಸಿದೆ. ಕ್ಯಾಸೆಟ್ಟಿನ ಎರಡನೆಯ ಬದಿ ಖಾಲಿಯಿತ್ತು. ಟೇಪ್ ರೆಕಾರ್ಡರಿನಲ್ಲಿಟ್ಟು, ಗುಂಡಿಯೊತ್ತಿ, ಇಷ್ಟು ವರ್ಷ ತಡವಾದ ನನ್ನ ಎರಡನೆಯ ಉತ್ತರವನ್ನು ಹೇಳಿದೆ: “ಅತ್ಯಾ, ತಂಬಿಗಿ ತಗದೇನಿ. ಅರಿವಿ ಮ್ಯಾಲೆ ಇಟ್ಟೇನಿ.”