ತಿರುಗಿ ಕಳಿಸಿದ ಹೆಣ್ಣುಮಕ್ಕಳು

ಫ್ರಾನ್ಸಿನವರು ಸ್ಪೇನ್ ರಾಜನ ಮಗಳನ್ನು ತಿರುಗಿ ಕಳಿಸಿದ ಕಥೆಯನ್ನು ನನ್ನ ತಮ್ಮ ನನಗೆ ಹೇಳಿದ್ದು ಶೇಡಬಾಳದಲ್ಲಿ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ನಮ್ಮ ಶೆಡ್ಡಿನಲ್ಲಿ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಒಣಗಿದ ದ್ರಾಕ್ಷಿಯ ಕಡ್ಡಿ ಬಿಡಿಸುತ್ತ ನಾನು ನೆಲದ ಮೇಲೆ ಕೂತಿರುತ್ತಿದ್ದೆ. ತಮ್ಮ ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಓದಿ, ನೌಕರಿಯ ಪರೀಕ್ಷೆಗಳಿಗೆ ಕೂತು ಬೇಸತ್ತು, ಅಪ್ಪನ ಜೊತೆ ತೋಟಕ್ಕೆ ಇಳಿದಿದ್ದ. ನೌಕರಿಯ ಆಸೆ ಬಿಟ್ಟಿದ್ದ, ಯುರೋಪಿನ ರಾಜರನ್ನು ಬಿಟ್ಟಿರಲಿಲ್ಲ. ಮೊಬೈಲಿನಲ್ಲಿ ಮರಾಠಿ, ಹಿಂದಿ ವಿಡಿಯೋ ನೋಡಿ ಇನ್ನಷ್ಟು ತುಂಬಿಕೊಳ್ಳುತ್ತಿದ್ದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಆ ದೇಶಗಳು ಎಲ್ಲಿವೆ ಎಂಬುದೇ ಗೊತ್ತಿರಲಿಲ್ಲ. ಆದರೆ ಯಾರ ಮಗಳನ್ನು ಯಾವ ಮನೆಗೆ ಕೊಟ್ಟರು, ಆಮೇಲೆ ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದು ತಿಳಿಯಲು ನಕಾಶೆ ಬೇಕಾಗುವುದಿಲ್ಲ.

ಅವನೇ ಒಂದು ಆಟ ಹುಡುಕಿದ್ದ. ಸುಣ್ಣದ ಕಡ್ಡಿಯಿಂದ ಶೆಡ್ಡಿನ ಸಿಮೆಂಟಿನ ಮೇಲೆ ಒಂದು ರಾಜಮನೆತನದ ವಂಶವನ್ನು ಬರೆಯುವುದು. ಅದರಲ್ಲಿ ನಾನು ಒಂದೇ ಒಂದು ಮದುವೆಯನ್ನು ಬದಲಿಸಬೇಕು. ಬದಲಿಸಿದರೆ ಮೊಮ್ಮಕ್ಕಳ ಕಾಲಕ್ಕೆ ಏನಾಗುತ್ತಿತ್ತು ಎಂದು ಇಬ್ಬರೂ ಸೇರಿ ಹೇಳಬೇಕು.

ಫ್ರಾನ್ಸ್ ಮತ್ತು ಸ್ಪೇನ್ ಅರಮನೆಗಳು ಮಾಡಿಕೊಂಡದ್ದು ನಮ್ಮ ಕಡೆಯ ಅದಲಿ-ಬದಲಿ ಲಗ್ನವೇ. ಮರಾಠಿಯವರು ಇದಕ್ಕೆ ಸಾಟಂಲೋಟಂ ಎನ್ನುತ್ತಾರೆ. ಈ ಮನೆಯ ಹುಡುಗಿ ಆ ಮನೆಗೆ, ಆ ಮನೆಯ ಹುಡುಗಿ ಈ ಮನೆಗೆ. ಸ್ಪೇನಿನ ಪುಟ್ಟ ರಾಜಕುಮಾರಿಯನ್ನು ಫ್ರಾನ್ಸಿನ ಬಾಲಕ ರಾಜನಿಗೆ ಗೊತ್ತುಮಾಡಿ ಕರೆದೊಯ್ದರು. ಫ್ರಾನ್ಸ್ ಅರಮನೆಯ ಇಬ್ಬರು ಅಕ್ಕತಂಗಿಯರು ಸ್ಪೇನಿಗೆ ಹೋದರು. ಕೆಲವು ವರ್ಷ ಕಳೆಯಿತು. ರಾಜನಿಗೆ ಬೇಗ ಮಕ್ಕಳಾಗಬೇಕು, ಈ ಹುಡುಗಿ ಇನ್ನೂ ಗೊಂಬೆಯಾಡುವವಳು ಎಂದು ಫ್ರಾನ್ಸಿನವರು ಅವಳನ್ನು ತವರಿಗೆ ಸಾಗಹಾಕಿದರು. ಸಿಟ್ಟಿಗೆದ್ದ ಸ್ಪೇನಿನವರು ತಮ್ಮಲ್ಲಿದ್ದ ಇಬ್ಬರನ್ನೂ ಗಾಡಿ ಹತ್ತಿಸಿದರು.

"ಛಲೋ ಮಾಡಿದ್ರು," ಎಂದೆ ನಾನು.

"ಏನ್ ಛಲೋ, ಅಕ್ಕಾ? ಅವರಿಬ್ಬರದು ಏನ್ ತಪ್ಪಿತ್ತು? ದೊಡ್ಡಾಕಿ ಆಗಲೇ ಗಂಡನ್ನ ಕಳಕೊಂಡಿದ್ಲು. ಸಣ್ಣಾಕಿಗೆ ಅಲ್ಲಿ ಗೊತ್ತು ಮಾಡಿದ್ದ ಹುಡುಗನ ಮ್ಯಾಲೆ ಜೀವ ಇತ್ತಂತ. ತಿರುಗಿ ಹೋಗಿ, ಲಗ್ನ ಆಗದನ, ಹರೇದಾಗ ಸಿಡುಬು ಬಂದು ಸತ್ಲು."

"ಅದು ಆಕಿ ನಸೀಬ. ನಾ ಬದಲಿಸೂದು ಬ್ಯಾರೆ. ಸ್ಪೇನ್ ಹುಡುಗೀನ ರಷ್ಯಾಕ್ಕ ಕೊಡು. ಗಟ್ಟಿಮುಟ್ಟಾದ ಗಂಡಮಕ್ಕಳನ್ನ ಹಡೀಲಿ. ಅವರೆಲ್ಲಾ ದಂಡ ಕಟಗೊಂಡು ಫ್ರಾನ್ಸಿಗೆ ಹೋಗಿ, ನಮ್ಮವ್ವನ್ನ ಯಾಕ ಕಳಿಸಿದ್ರಿ ಅಂತ ಕೇಳಲಿ."

ತಮ್ಮ ಸುಣ್ಣದ ಕಡ್ಡಿ ಕೆಳಗಿಟ್ಟು ನಕ್ಕ. "ನೀ ಲಗ್ನಾ ಮಾಡಾಕತ್ತೀಯೋ, ಕುಸ್ತಿಗೆ ಜೋಡಿ ಹಚ್ಚಾಕತ್ತೀಯೋ?"

ನಿಜವಾಗಿ ಆ ಹುಡುಗಿ ಮುಂದೆ ಪೋರ್ಚುಗಲ್ಲಿನ ರಾಣಿಯಾಗಿ ಗೌರವದಿಂದ ಬಾಳಿದಳಂತೆ. ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ. ಅವಳು ಸುಖವಾಗಿದ್ದರೆ ಫ್ರಾನ್ಸಿನವರಿಗೆ ತಟ್ಟಿದ್ದೇನು?

ಮರುವರ್ಷ ನಮ್ಮ ಮನೆಯಲ್ಲೂ ಅದಲಿ-ಬದಲಿಯಾಯಿತು. ಕೃಷ್ಣೆಯ ಆಚೆ ಅಂಕಲಿಯಲ್ಲಿ ಕಬ್ಬಿನ ಹೊಲ ಇದ್ದವರ ಮನೆಗೆ ನನ್ನನ್ನು ಕೊಟ್ಟರು. ನನ್ನ ಗಂಡನ ತಂಗಿಯನ್ನು ತಮ್ಮನಿಗೆ ತಂದರು. ಒಂದೇ ಮಂಟಪ, ಒಂದೇ ಅಡಿಗೆ. ತಮ್ಮ ಹೆಂಡತಿಯ ಜೊತೆ ಮೊದಲ ದಿನದಿಂದಲೇ ಹೊಂದಿಕೊಂಡ. ನನ್ನ ಗಂಡ ಕೆಟ್ಟವನಲ್ಲ ಎಂದು ಬಹಳ ದಿನ ಹೇಳಿಕೊಂಡೆ. ಅವ್ವನ ಎದುರು ಬಾಯಿ ತೆರೆಯದವನು, ಅಷ್ಟೇ ಎಂದುಕೊಂಡೆ.

ನನಗೆ ಮಕ್ಕಳಾಗಲಿಲ್ಲ. ಅತ್ತೆ ಮೊದಮೊದಲು ದೇವರಿಗೆ ಹೇಳಿಕೊಂಡರು, ಆಮೇಲೆ ಓಣಿಯವರಿಗೆ ಹೇಳತೊಡಗಿದರು. ಗಂಡನ ಚಿಕ್ಕಪ್ಪನ ಮನೆಯಲ್ಲಿ ಒಂದು ಮಗುವಿನ ಹೆಸರಿಡುವ ಕಾರ್ಯವಿತ್ತು. ಅದಕ್ಕೆಂದು ತಮ್ಮನ ಹೆಂಡತಿಯೂ ಶೇಡಬಾಳದಿಂದ ಬಂದಿದ್ದಳು. ಅವಳಿಗೆ ಆಗಷ್ಟೇ ಬಸಿರು ನಿಂತಿತ್ತು. ಹೆಣ್ಣುಮಕ್ಕಳು ತೊಟ್ಟಿಲಿನ ಎರಡೂ ಕಡೆ ನಿಂತು, ಕೂಸನ್ನು ತೊಟ್ಟಿಲಿನ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನ್ನ ಸರತಿ ಬಂತು. ಕೂಸು ನನ್ನ ಅಂಗೈಗೆ ಬಂದದ್ದೇ ತಡ, ಅತ್ತೆ ನಡುವೆ ಕೈ ಹಾಕಿ ಎತ್ತಿಕೊಂಡರು.

"ಈಕಿ ಕೈಯಾಗ ಬ್ಯಾಡ. ಆ ಕಡೆ ಕೊಡ್ರಿ."

ಬಾಗಿಲಲ್ಲಿ ಪೇಢೆಯ ತಾಟು ಹಿಡಿದಿದ್ದ ನನ್ನ ಗಂಡ ನನ್ನನ್ನು ನೋಡಿದ. ನೋಡಿ, ಪಕ್ಕದವರಿಗೆ ಪೇಢೆ ಕೊಡುತ್ತ ಮುಂದೆ ಹೋದ. ಅತ್ತೆಯನ್ನು ನಾನು ಒಂದು ದಿನ ಕ್ಷಮಿಸಿದರೂ ಕ್ಷಮಿಸಬಹುದು, ಆ ಪೇಢೆಯವನನ್ನು ಮಾತ್ರ ಇಲ್ಲ. ಮರುದಿನ ಬಸ್ಸು ಹಿಡಿದು ತವರಿಗೆ ಬಂದೆ.

ನಮ್ಮಲ್ಲಿ ಇದಕ್ಕೊಂದು ದಾರಿ ಇದೆ. ನನ್ನನ್ನು ಅಲ್ಲಿ ನೋಯಿಸಿದರೆ ಅವರ ಹುಡುಗಿಯನ್ನು ಇಲ್ಲಿಂದ ಕಳಿಸುವುದು. ಕಳಿಸಿ ಎಂದು ನಾನು ಪಟ್ಟು ಹಿಡಿದೆ. ಮನೆತನದ ಮಾನ ಮುಖ್ಯವೆಂದು ಅಪ್ಪ ಒಪ್ಪಿದ. ತಮ್ಮ ಮಾತ್ರ ಒಪ್ಪಲಿಲ್ಲ.

"ಅಕ್ಕಾ, ನಾನೂ ನಿನ್ನ ಕೂಡ ಅಂಕಲಿಗೆ ಬರ್ತೀನಿ. ಎಲ್ಲಾರ ಮುಂದ ಅವರನ್ನ ಕೇಳೂಣು. ಈಕೀನ ಯಾಕ ಕಳಸೂದು? ಸ್ಪೇನಿನವರು ಆ ಇಬ್ಬರನ್ನ ಇಟಗೊಂಡಿದ್ರ ಏನಾಗ್ತಿತ್ತು ಅಂತ ಒಮ್ಮೆ ಹೇಳು ನೋಡೂಣು."

"ನಾಚಿಕಿಗೇಡಿಗಳು ಅನ್ನಿಸ್ಕೋತಿದ್ರು. ನೀನೂ ಹಂಗ ಅನ್ನಿಸ್ಕೊಲೇ."

ಅವನು ಮಣೂಕ ಮಾರಲು ತಾಸಗಾಂವಿಗೆ ಹೋದ ದಿನ ನೋಡಿ ನಾನೇ ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಅಪ್ಪ ಗಾಡಿಗೆ ಹೇಳಿದ. ಅವಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅಣ್ಣನ ಹೆಂಡತಿಯಾದ ನಾನು ಅವಳಿಗೆ ವೈನಿ.

"ವೈನಿ, ನಾ ಏನ್ ಮಾಡೇನ್ರಿ?"

"ನೀ ಏನೂ ಮಾಡಿಲ್ಲ. ನಾನೂ ಅಲ್ಲಿ ಏನೂ ಮಾಡಿರಲಿಲ್ಲ."

"ಅವರು ಬರೂತನಕರ ತಡೀರಿ."

"ಅಂವ ಬಂದ್ರ ನೀ ಹೋಗೂದಿಲ್ಲ. ನಡಿ."

ಅವಳು ಕೈ ತೊಳೆದುಕೊಂಡು ಹೋದಳು. ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಹೋಯಿತು. ಅದನ್ನು ತೆಗೆದು ಎಮ್ಮೆಗೆ ಹಾಕಿದೆ. ಅಂದು ನನಗೆ ಹೊಟ್ಟೆ ತುಂಬಿದಂತಿತ್ತು.

ತಮ್ಮ ಬಂದು ನೋಡಿ ಜಗಳವಾಡಲಿಲ್ಲ. ತಾಸಗಾಂವಿನಿಂದ ಬಂದ ಗಾಡಿಯಲ್ಲೇ ಅಂಕಲಿಗೆ ಹೋದ. ಅವರು ಹೊಸ್ತಿಲಲ್ಲೇ ನಿಲ್ಲಿಸಿ, "ಮೊದಲ ನಮ್ಮ ಸೊಸೀನ ಕಳಸ್ರಿ, ಆಮ್ಯಾಲೆ ನಿಮ್ಮ ಹೇಣ್ತೀನ ಕರಕೊಂಡ ಹೋಗ್ರಿ," ಎಂದರು. ಅವರಿಗೂ ಸೊಸೆಯ ಮೇಲೆ ಪ್ರೀತಿ ಇತ್ತೆಂದಲ್ಲ. ನಾನು ತವರಿನಲ್ಲಿ ಕೂತರೆ ಊರಿನಲ್ಲಿ ಅವರ ಹೆಸರು ಹಾಳಾಗುತ್ತದೆ, ಅದಕ್ಕೆ.

ಅಂದರೆ ತಮ್ಮನ ಹೆಂಡತಿ ಮನೆಗೆ ಬರುವುದು ನನ್ನ ಕೈಯಲ್ಲಿತ್ತು. ನಾನು ಅಂಕಲಿಗೆ ಹೊರಟರೆ ಅವಳು ಬರುತ್ತಾಳೆ. ಹಿರಿಯರು ಬಂದು ಕೂತು, ಚಹಾ ಕುಡಿದು, "ಬಾರವಾ, ಎಲ್ಲಾ ಸರಿ ಆಗತೈತಿ," ಎಂದು ಹೋದರು. ಅತ್ತೆ ನಮ್ಮ ಮನೆಗೆ ಬಂದು ಎಲ್ಲರೆದುರು ತಪ್ಪಾಯಿತು ಎನ್ನಲಿ, ಎಂದೆ. ಅತ್ತೆ ಬರಲಿಲ್ಲ. ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಹಟ ಮುರಿಯದಿರಲೆಂದೇ ಆ ಮಾತು ಹಾಕಿದ್ದೆ.

ಅಂಕಲಿಯಲ್ಲಿ ತಮ್ಮನ ಹೆಂಡತಿ ಗಂಡುಮಗುವನ್ನು ಹೆತ್ತಳು. ತಮ್ಮ ಮಗನ ಮುಖ ನೋಡಿದ್ದು ಫೋನಿನಲ್ಲಿ. ಮನೆಯಲ್ಲಿ ನಾನಿರುತ್ತೇನೆಂದು ಮಾತನಾಡಲು ದ್ರಾಕ್ಷಿ ಸಾಲುಗಳ ತುದಿಗೆ ಹೋಗುತ್ತಿದ್ದ. ನನಗೆ ಅಯ್ಯೋ ಅನ್ನಿಸುತ್ತಿತ್ತು. ಆದರೆ ಅವಳು ಅಲ್ಲಿ ದಿನಾ ಅಳುತ್ತಾಳೆ ಎಂದು ಯಾರೋ ಹೇಳಿದಾಗ ನಾನು ಅಂದುಕೊಂಡದ್ದು ಇಷ್ಟೇ: ಅಳಲಿ, ಅವರವ್ವ ಕೇಳಲಿ. ಬೇರೆಯವರ ಮುಂದೆ ಇದನ್ನು ಎಂದೂ ಹೇಳಿಲ್ಲ. ತಮ್ಮನ ಬಾಳನ್ನು ಒಂದು ಕಲ್ಲಿನಂತೆ ಕೈಯಲ್ಲಿ ಹಿಡಿದು ಅಂಕಲಿಯ ಕಡೆಗೆ ಬೀಸಲು ನಿಂತಿದ್ದೆ. ಕಲ್ಲಿಗೆ ನೋಯುತ್ತದೆಂದು ಯಾರು ಯೋಚಿಸುತ್ತಾರೆ?

ತಮ್ಮ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಅವನು ಊಟಕ್ಕೆ ಕೂತಾಗ, "ಅಕ್ಕಾ, ಇನ್ನೊಂದ್ ಸ್ವಲ್ಪ ಪಲ್ಲೆ ಹಾಕು," ಎನ್ನುತ್ತಿದ್ದ, ಅಷ್ಟೇ ಮಾತು. ಶೆಡ್ಡಿನಲ್ಲಿ ರಾಜರ ಸುದ್ದಿ ನಿಂತೇ ಹೋಗಿತ್ತು.

ಮಗು ಗೋಡೆ ಹಿಡಿದು ನಿಲ್ಲುವ ವೇಳೆಗೆ ಒಂದು ಮುಂಜಾನೆ, ಅಂಗಳದಲ್ಲಿ ನಾನು ಜೋಳ ಹಸನು ಮಾಡುತ್ತಿದ್ದಾಗ, ಅವಳು ಕಾಗವಾಡದ ಬಸ್ಸಿಳಿದು ಬಂದಳು. ಸೊಂಟದಲ್ಲಿ ಕೂಸು, ಹೆಗಲಿಗೆ ನಾನು ತುಂಬಿಕೊಟ್ಟಿದ್ದ ಅದೇ ಚೀಲ.

"ನಿಮ್ಮವ್ವ ಬಿಟ್ಲೇನು?" ಎಂದೆ.

"ಬಿಡಲಿಲ್ರಿ. ಬಂದೆ."

"ಹಂಗಾರ ಈಗ ನಾ ಅಲ್ಲಿಗೆ ಹೋಗಬೇಕಂತ ಹೇಳಿ ಕಳಿಸ್ಯಾರೇನು?"

"ಹೋಗೂದು ಬಿಡೂದು ನಿಮಗ ಬಿಟ್ಟಿದ್ದು, ವೈನಿ. ನಮ್ಮವ್ವ ಮಾಡಿದ್ದು ತಪ್ಪು. ಅದನ್ನ ಆಕಿ ಮುಂದನ ಹೇಳಿ ಬಂದೀನಿ. ಆದ್ರ ನಿಮ್ಮ ಸಿಟ್ಟಿಗೂ ಆಕಿ ಸಿಟ್ಟಿಗೂ ನಡಕ ನಾ ಇನ್ನ ಕೂಡೂದಿಲ್ಲ. ಅವರು ತೋಟದಾಗ ಅದಾರೇನ್ರಿ?"

ಇದ್ದಾನೆ ಎಂದೆ. ಅವಳು ತೋಟದ ಕಡೆ ನಡೆದಳು. ಸಾಲುಗಳ ನಡುವಿನಿಂದ ತಮ್ಮನ ದನಿ ಒಮ್ಮೆ ಕೇಳಿಸಿತು. ಮಾತಲ್ಲ, ಬರೀ ದನಿ. ಆ ಗಳಿಗೆಯಲ್ಲಿ ನನಗೆ ಸಂತೋಷವಾಗಲಿಲ್ಲ. ಅಂಕಲಿಯವರಿಗೆ ಚುಚ್ಚಲು ಹಿಡಿದಿದ್ದುದನ್ನು ಯಾರೋ ಕೈಯಿಂದ ಕಿತ್ತುಕೊಂಡಂತಾಯಿತು. ಮೊರದಲ್ಲಿ ಹುಳುಕು ಜೋಳ ಒಂದು ಕಡೆ, ಒಳ್ಳೆಯದು ಒಂದು ಕಡೆ ಮಾಡುತ್ತ ಕೂತೇ ಇದ್ದೆ.

ಈಗ ನಾನು ಅಥಣಿಯಲ್ಲಿ ಒಬ್ಬ ವಕೀಲರನ್ನು ಹಿಡಿದು ಕಿರುಕುಳದ ಕೇಸು ಹಾಕಿದ್ದೇನೆ. ಗಂಡನನ್ನೂ ಅತ್ತೆಯನ್ನೂ ಕೋರ್ಟಿನ ಮೆಟ್ಟಿಲು ಹತ್ತಿಸುತ್ತೇನೆ. ನನ್ನ ಸಿಟ್ಟು ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ. ತೊಟ್ಟಿಲಿನ ಹತ್ತಿರ ನಡೆದದ್ದಕ್ಕೆ ಸಾಕ್ಷಿ ಯಾರು ಎಂದು ವಕೀಲರು ಕೇಳಿದರು. ಮನೆಗೆ ಬಂದು ಅದನ್ನು ಹೇಳಿದಾಗ ತಮ್ಮನ ಹೆಂಡತಿ ಮಗುವಿಗೆ ಉಣಿಸುತ್ತಿದ್ದಳು.

"ನಾ ಅಲ್ಲೇ ನಿಂತಿದ್ದೆ. ಬೇಕಾದ್ರ ನಾ ಹೇಳ್ತೀನ್ರಿ," ಎಂದಳು.

ತಮ್ಮ ತಲೆ ಎತ್ತಿ ನನ್ನನ್ನು ನೋಡಿದ. ಮಗಳೇ ಬಂದು ತಾಯಿಯ ವಿರುದ್ಧ ನಿಂತು ಹೇಳುವುದು: ಅತ್ತೆಗೆ ಅದಕ್ಕಿಂತ ದೊಡ್ಡ ಏಟು ಇರಲಿಕ್ಕಿಲ್ಲ. ನನ್ನ ಬಾಯಲ್ಲಿ ನೀರೂರಿತು ಎಂದರೆ ಸುಳ್ಳಲ್ಲ.

"ಬ್ಯಾಡ," ಎಂದೆ. "ನಾಳೆ ನೀ ನಿಮ್ಮವ್ವನ ಮನಿಗೆ ಹೋಗಿ ಬರೂ ಹಾದಿ ಉಳೀಬೇಕು."

ಯಾಕೆ ಬೇಡ ಎಂದೆ ಎಂದು ಎಷ್ಟೋ ಸಲ ನನ್ನನ್ನೇ ಬೈದುಕೊಂಡಿದ್ದೇನೆ. ಕೋರ್ಟಿನ ಮುಂದಿನ ತಾರೀಖಿಗೆ ಗಾಡಿಯಲ್ಲಿ ಬಿಡುತ್ತೇನೆಂದು ತಮ್ಮ ಹೇಳಿದ. ಅವನಿಗೆ ತೋಟದಲ್ಲಿ ಔಷಧಿ ಹೊಡೆಯುವುದಿತ್ತು. ಬಸ್ಸಿಗೆ ಹೋಗುತ್ತೇನೆಂದು ಹೇಳಿ ಹೊರಟೆ.