ಗೋಡೆಯ ಮೇಲಿನ ಕೌದಿ, ಬಾಗಿಲಲ್ಲಿನ ಕೌದಿ

ಶಹಾಪುರದ ಹತ್ತಿರದ ಗೋಗಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರ್ವರಬೇಗಂ ಅಂಗಳದಲ್ಲಿ ಕೌದಿ ಹರವಿಕೊಂಡು ಅದರ ಒಂದು ಮೂಲೆಯ ಹೊಲಿಗೆ ಬಿಚ್ಚುತ್ತಿದ್ದಾರೆ. ನಿನ್ನೆ ಒಗೆದು ಒಣಗಿಸಿದ್ದಾರೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

"ಕೂಸಿನ ಕೌದಿ ಇದು. ಇದರ ಮ್ಯಾಲ ಚಪ್ಪಲ್ ಒರಸ್ಯಾರ್ರಿ."

ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವುದು ಅವರ ಕಸುಬು. ಗಂಡ ರಾಜಾಸಾಬ ತೀರಿಕೊಂಡ ಮೇಲೆ ಮನೆ ನಡೆದದ್ದೇ ಈ ಸೂಜಿಯಿಂದ. ಓಣಿಯ ಮಕ್ಕಳೆಲ್ಲ ಅವರ ಕೌದಿಯಲ್ಲೇ ಬೆಳೆದಿದ್ದಾರೆ. ಈ ಕೌದಿ ಮಾತ್ರ ಸ್ವಂತ ಮಗಳು ತರನ್ನುಮಳ ಚೊಚ್ಚಲ ಕೂಸಿಗೆ. ರಾಜಾಸಾಬರ ಲುಂಗಿ, ನೆರೆಮನೆಯ ಮಲ್ಲಾಬಾಯಿಯ ಹಸಿರು ಸೀರೆ ಎಲ್ಲ ಇದರಲ್ಲಿವೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಅವರು ಒಳಗೆ ಜೋಳದ ರೊಟ್ಟಿಯ ಚೂರು ಇಡುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬಾರದು ಎಂಬುದು ಅವರ ನಂಬಿಕೆ.

ಹೋದ ತಿಂಗಳು ಜನಪದ ಶೈಲಿಯ ಚಿತ್ರಕಾರನೊಬ್ಬ, ನೋಡಿ ಚಿತ್ರ ಬರೆಯುತ್ತೇನೆಂದು ಇದನ್ನು ಒಯ್ದ. ಮೊನ್ನೆ ಶಹಾಪುರದಲ್ಲಿ ಆ ಚಿತ್ರದ ಪ್ರದರ್ಶನ. ಮಗಳ ಹೆರಿಗೆ ಹತ್ತಿರ ಬಂದಿತ್ತು, ಕೌದಿ ವಾಪಸ್ ತರಲೆಂದು ಸರ್ವರಬೇಗಂ ಆಟೋ ಹತ್ತಿದರು. ನೂಕುನುಗ್ಗಲಲ್ಲಿ ಒಳಗೆ ಹೋದವರು ಮೊದಲು ನೋಡಿದ್ದು ಚಿತ್ರವನ್ನೇ.

"ಚಲೋ ಅದರಿ ಚಿತ್ರ, ಸುಳ್ಳ್ಯಾಕ ಹೇಳ್ಲಿ. ನಮ್ಮನಿಯವರ ಲುಂಗಿ ಚೌಕಡಿ ಹೆಂಗಿತ್ತೋ ಹಂಗೇ ಬರದಾನ. ಕಣ್ಣಾಗ ನೀರು ಬಂದುವು. ಹೊಳ್ಳಿ ನೋಡಿದ್ರ, ಬಾಗಿಲದಾಗ ಅದೇ ಲುಂಗಿ ಮ್ಯಾಲ ಒಬ್ಬಾವ ಕೆಸರು ಒರಸಾಕತ್ತಿದ್ದ."

ಚಿತ್ರಕ್ಕೆ ಗೀರು ಬೀಳಬಾರದೆಂದು ಚಿತ್ರಕಾರನ ಕಡೆಯವರು ಅದನ್ನು ಈ ಕೌದಿಯಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದ ಮೇಲೆ ಬಾಗಿಲಿಗೆ ಹಾಸಿಬಿಟ್ಟಿದ್ದರು. ಕೌದಿಗೆ ಕಾಲೊರೆಸಿ ಒಳಗೆ ಹೋಗುವುದು, ಕೌದಿಯ ಚಿತ್ರ ನೋಡಿ ವಾಹ್ ಅನ್ನುವುದು. ಇಂಥ ಕಲಾಭಿಮಾನಕ್ಕೆ ಬೆಂಕಿ ಹಾಕಬೇಕು.

ಚಿತ್ರಕಾರ "ಗೊತ್ತಾಗಲಿಲ್ಲಮ್ಮ" ಅಂದ. ಚಿತ್ರದ ಪಕ್ಕ ನಿಲ್ಲಿ, ಫೋಟೊ ತೆಗೀತೀವಿ ಎಂದರು ಇನ್ಯಾರೋ. ಸರ್ವರಬೇಗಂ ನಿಲ್ಲಲಿಲ್ಲ. ಕೌದಿ ಕೊಡವಿ ಬಗಲಲ್ಲಿ ಇಟ್ಟುಕೊಂಡು ಊರಿಗೆ ಬಂದರು.

ನಿನ್ನೆ ತರನ್ನುಮ ಹೆಣ್ಣುಕೂಸು ಹೆತ್ತಿದ್ದಾಳೆ. ಇವತ್ತು ಆಸ್ಪತ್ರೆಗೆ ಕೌದಿ ಹೋಗಬೇಕು. ಸರ್ವರಬೇಗಂ ಬಿಚ್ಚಿದ ಮೂಲೆಯಿಂದ, ಒಗೆಯುವಾಗ ನೆನೆದು ಕೆಟ್ಟ ಹಳೆ ರೊಟ್ಟಿ ಉದುರಿಸಿ, ಒಲೆ ಮೇಲಿನ ಬಿಸಿ ರೊಟ್ಟಿಯ ಚೂರು ಇಟ್ಟು, ಹೊಲಿಗೆ ಹಾಕುತ್ತಾರೆ. ಇನ್ನೊಮ್ಮೆ ಯಾರಾದರೂ ಚಿತ್ರಕ್ಕೆ ಕೌದಿ ಕೇಳಿದರೆ ಕೊಡುತ್ತೀರಾ ಎಂದರೆ ದಾರ ಹಲ್ಲಿಂದ ಕಡಿದು ಹೇಳುತ್ತಾರೆ:

"ಕೊಡ್ತೀನ್ರಿ. ಆದ್ರ ಚಪ್ಪಲ್ ಹೊರಗ ಬಿಟ್ಟು ಬಂದು ಕೇಳ್ಲಿ."